ಅವ್ವನ ಪರಾತ ಮತ್ತು ಮನೆಯೊಳಗಿನ ಸೂರ್ಯ

ಅವ್ವನ ಪರಾತಕ್ಕೆ ನಲವತ್ತೆಂಟು ತೂತು ಕೊರೆದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪರಾತ ಗೊತ್ತಲ್ಲ, ಜೋಳದ ಹಿಟ್ಟು ನಾದುವ ಅಗಲವಾದ ತಟ್ಟೆ. ಅವ್ವನದು ಮದುವೆಯಲ್ಲಿ ತವರಿನವರು ಕೊಟ್ಟ ದಪ್ಪ ಅಲ್ಯೂಮಿನಿಯಂ ಪರಾತ. ನಾನು ಹುಟ್ಟುವ ಮೊದಲಿನಿಂದಲೂ ಅವಳು ಅದರಲ್ಲೇ ಹಿಟ್ಟು ನಾದುತ್ತಿದ್ದಾಳೆ. ನಾನು ಇಷ್ಟೆತ್ತರ ಬೆಳೆದಿದ್ದೇ ಆ ಪರಾತದ ರೊಟ್ಟಿ ತಿಂದು. ಅಂಥದ್ದಕ್ಕೆ ಡ್ರಿಲ್ ಮಷಿನ್ ಇಟ್ಟೆ. ಯಾಕೆ? ಒಂದು ಹೂವಿಗೆ ಬೆಳಕು ಬೇಕಾಗಿತ್ತು.

ಗಿಡದ ಹೂವಲ್ಲ. ಸಮುದ್ರದ ಹೂವು. ಬಸವನ ಬಾಗೇವಾಡಿಯಲ್ಲಿ ಸಮುದ್ರ ಎಲ್ಲಿಂದ ಬಂತು ಅಂತೀರಾ? ನಮ್ಮ ಮನೆಗೆ ಅದು ಸೊಸೆಯ ಜೊತೆ ಬಂತು.

ನನ್ನ ಹೆಂಡತಿ ಶೈಲಾ ಕಾರವಾರದವಳು. ತವರಿನ ಅಂಗಳದಲ್ಲಿ ನಿಂತರೆ ಅಲೆ ಕಾಣಿಸುತ್ತದೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಈಗ ಮನಗೂಳಿಯ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಅವಳು ಮನಗೂಳಿ ಬಸ್ಸು ಹತ್ತುತ್ತಾಳೆ, ನಾನು ಮುದ್ದೇಬಿಹಾಳದ ಬಸ್ಸು ಹತ್ತುತ್ತೇನೆ (ಅಲ್ಲಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಎಲೆಕ್ಟ್ರಾನಿಕ್ಸ್ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ). ಹಗಲೆಲ್ಲ ಮನೆಯಲ್ಲಿ ಅವ್ವ ಒಬ್ಬಳೇ.

ಎರಡು ವರ್ಷದ ಹಿಂದೆ ಶೈಲಾಳ ತಮ್ಮ ಅಕ್ಕನಿಗೆಂದು ಎರಡಡಿ ಉದ್ದದ ಗಾಜಿನ ಟ್ಯಾಂಕ್ ತಂದುಕೊಟ್ಟ. ನೀರು ಕಾರವಾರದಿಂದ ಕ್ಯಾನಿನಲ್ಲಿ ಬಸ್ಸಿಗೇ ಬಂತು. ಕಂಡಕ್ಟರ್ ಕ್ಯಾನಿನೊಳಗೆ ಏನೋ ಇರಬಾರದ್ದು ಇದೆ ಅಂತ ಅನುಮಾನಪಟ್ಟು, ಬೆರಳದ್ದಿ ನೆಕ್ಕಿ, ಮುಖ ಕಿವುಚಿ, ಪೂರ್ತಿ ಲಗೇಜ್ ಚಾರ್ಜ್ ಹಾಕಿದನಂತೆ. ಆಮೇಲೆ ಕಲ್ಲುಗಳು ಬಂದವು. ಮುಂಬೈನ ಮೀನಿನ ಅಂಗಡಿಯಿಂದ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಂದವು. ಅವುಗಳಿಗೆ ಮನೆಯಾಗಲೆಂದು ಈ ಹೂವು ಬಂತು.

ಹೂವು ಅಂದೆನಲ್ಲ, ಅದೂ ಒಂದು ಪ್ರಾಣಿಯೇ. ಬೆರಳಿನಂಥ ಎಸಳುಗಳನ್ನು ಆಡಿಸುತ್ತ ಕಲ್ಲಿಗೆ ಅಂಟಿಕೊಂಡಿರುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಬಿಸಿಲು ಬಿದ್ದರೆ ಆ ಪಾಚಿ ಅಡುಗೆ ಮಾಡುತ್ತದೆ, ಹೂವು ಉಣ್ಣುತ್ತದೆ. ಬೆಳಕಿಲ್ಲದಿದ್ದರೆ ಉಪವಾಸ. ಮೊದಲ ಹೂವು ಟ್ಯೂಬ್‌ಲೈಟಿನ ಕೆಳಗೆ ಬಣ್ಣಗೆಟ್ಟು, ಸೊರಗಿ, ಕರಗಿಹೋಯಿತು.

ಎರಡನೆಯದು ಬಂದ ದಿನ ಶೈಲಾ ಒಂದೇ ಮಾತು ಹೇಳಿದಳು. "ಇದೂ ಹೋದ್ರೆ ಟ್ಯಾಂಕ್ ತೆಗೆದುಬಿಡೋಣ. ಇನ್ನೊಂದು ಸಾಯೋದನ್ನ ನನ್ನ ಹತ್ರ ನೋಡೋಕಾಗಲ್ಲ."

ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ಮೊದಲು ಹೋಗಿ ಕೂರುವುದು ಆ ಟ್ಯಾಂಕಿನ ಮುಂದೆ. ಅರ್ಧ ಗಂಟೆ. ಆಮೇಲೇ ಚಹಾ. ಆ ಅರ್ಧ ಗಂಟೆಯನ್ನು ಅವಳಿಂದ ಕಿತ್ತುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ನಾನು ಎಂಜಿನಿಯರ್ ಆದೆ.

ಬಿಜಾಪುರದ ಸೈಬರ್ ಕೆಫೆಯಲ್ಲಿ ಕೂತು ಹನ್ನೊಂದು ಹಾಳೆ ಪ್ರಿಂಟ್ ತೆಗೆಸಿದೆ. ಪರದೇಶದವರು ಮನೆಯಲ್ಲೇ ಎಲ್‌ಇಡಿ ಲೈಟ್ ಕಟ್ಟಿಕೊಂಡಿದ್ದರು. ಬಿಳಿ ಆರು, ನೀಲಿ ಆರು, ಒಟ್ಟು ಹನ್ನೆರಡು ದೀಪ. ಒಂದೊಂದೂ ಉಗುರಿನಷ್ಟೇ, ಆದರೆ ಕಣ್ಣು ಕೋರೈಸುವಂಥವು. ಅವನ್ನು ದಪ್ಪ ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಬೇಕು, ಇಲ್ಲದಿದ್ದರೆ ತಮ್ಮ ಬಿಸಿಗೆ ತಾವೇ ಸುಟ್ಟುಹೋಗುತ್ತವೆ. ದೀಪಗಳನ್ನು ಬಾಮೈದ ಮುಂಬೈನಿಂದ ಕಳಿಸಿದ. ತಗಡು?

ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮೌಲಾಸಾಬ್ ನನ್ನ ಹಳೆಯ ಗೆಳೆಯ. ಹಾಳೆಗಳನ್ನು ತಿರುವಿ ಹಾಕಿ, ಚಿತ್ರ ಮಾತ್ರ ನೋಡಿ, ಹೇಳಿದ. "ಮೋಟಾರಿಗೂ ಇದಕ್ಕೂ ಫರಕ್ ಇಲ್ಲ ಸರ. ಬಿಸಿ ಹೊರಗ ಹೋದ್ರ ಬದಕ್ತೈತಿ. ಖರೇ ದಪ್ಪ ತಗಡ ಬೇಕ್ರಿ. ಇಲ್ಲಿ ಅಂಗಡ್ಯಾಗ ಸಿಗೂದು ಹಪ್ಪಳ ಆದಂಗ ಇರ್ತಾವ."

ಆಗ ನನ್ನ ಕಣ್ಣು ಪರಾತದ ಮೇಲೆ ಬಿತ್ತು. ಅವ್ವನನ್ನು ಕೇಳಲು ಎರಡು ದಿನ ಧೈರ್ಯ ಬರಲಿಲ್ಲ. ಕೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದೂ ಬರಲಿಲ್ಲ.

"ಆಕಿ ಸಮುದ್ರಕ್ಕ ಬೇಕಾಗೇತೇನು? ಒಯ್ಯಿ. ನಾ ಸ್ಟೀಲಿಂದ್ರಾಗ ನಾದ್ಕೋತೇನಿ."

ಒಂದೊಂದು ದೀಪಕ್ಕೆ ಎರಡು ಸ್ಕ್ರೂ, ಇಪ್ಪತ್ತನಾಲ್ಕು ತೂತು. ಮೊದಲ ದಿನವೇ ಎರಡು ದೀಪ ಢಮಾರ್. ಮೌಲಾಸಾಬ್‌ಗೆ ಕರೆಂಟ್ ಜಾಸ್ತಿ ಕೊಟ್ಟರೆ ಜೋರು ಓಡುತ್ತದೆ ಎಂಬ ಮೋಟಾರಿನ ನಂಬಿಕೆ. ಕೊನೆಗೆ ಸುಟ್ಟ ಎರಡನ್ನು ಬದಲಿಸಿ, ಕರೆಂಟನ್ನು ಹತೋಟಿಯಲ್ಲಿಡುವ ಡ್ರೈವರ್ ಪೆಟ್ಟಿಗೆ ಹಾಕಿ, ಉಪ್ಪಿನ ಹಬೆಗೆ ತುಕ್ಕು ಹಿಡಿಯದಂತೆ ಬೆಸುಗೆಗೆಲ್ಲ ವೈಂಡಿಂಗ್ ವಾರ್ನಿಶ್ ಬಳಿದು, ಸತ್ತ ಕಂಪ್ಯೂಟರಿನ ಫ್ಯಾನ್ ಒಂದನ್ನು ಬೆನ್ನಿಗೆ ಕಟ್ಟಿ, ಪರಾತವನ್ನು ಬೋರಲಾಗಿ ಜಂತಿಗೆ ತೂಗುಹಾಕಿದೆವು. ಸ್ವಿಚ್ ಹಾಕಿದರೆ ಟ್ಯಾಂಕಿನ ತಳದ ಮರಳಿನ ಮೇಲೆ ಬೆಳಕು ಅಲೆಯಲೆಯಾಗಿ ಓಡಾಡಿತು. ಅವ್ವ ದೀಪಕ್ಕೆ ಕೈ ಮುಗಿದಳು.

ಇಷ್ಟಾದ ಮೇಲೆ ಹೂವು ನಗಬೇಕಲ್ಲವೇ?

ನಗಲಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ದೀಪ ಹಾಕಿ ಹೋಗುತ್ತಿದ್ದೆ. ಸಂಜೆ ಆರಕ್ಕೆ ಬಂದರೆ ದೀಪ ಝಗಝಗ ಉರಿಯುತ್ತಿರುತ್ತಿತ್ತು, ನೀರಿನ ಥರ್ಮಾಮೀಟರ್ ಇಪ್ಪತ್ತೆಂಟಕ್ಕೆ ಕದಲದೆ ನಿಂತಿರುತ್ತಿತ್ತು (ಫ್ಯಾನಿನ ಮಹಿಮೆ ಅಂತ ಕಾಲೇಜಿನಲ್ಲಿ ಕೊಚ್ಚಿಕೊಂಡೆ). ಆದರೆ ಮನೆಗೆ ತಂದಾಗ ತಿಳಿ ಕಂದು ಇದ್ದ ಹೂವು ವಾರದಿಂದ ವಾರಕ್ಕೆ ಬಿಳಿಚಿಕೊಳ್ಳುತ್ತ ಹೋಯಿತು. ನೋಡಲು ಬಂದವರು ಮಾತ್ರ "ಮಲ್ಲಿಗಿ ಆದಂಗ ಆಗೇತ್ರಿ, ಎಷ್ಟ ಚಂದ" ಅಂತ ಹೊಗಳಿದ್ದೇ ಹೊಗಳಿದ್ದು. ಅದು ಹಸಿವಿನ ಬಿಳುಪು ಅಂತ ಗೊತ್ತಿದ್ದವರು ನಾವಿಬ್ಬರೇ.

ಬೆಳಕು ಸಾಲುತ್ತಿಲ್ಲ ಅಂದುಕೊಂಡೆ. ಇನ್ನಾರು ದೀಪ ತರಿಸಿದೆ. ಆಮೇಲೆ ಮತ್ತಾರು. ನಲವತ್ತೆಂಟು ತೂತಿನ ಪರಾತ ಜರಡಿಯಾಯಿತು. ಮೌಲಾಸಾಬ್ ಕೈ ಕಟ್ಟಿ ನಿಂತು ನೋಡಿದ. "ಸರ, ಇನ್ನ ನಾಕ ಹಾಕಿದ್ರ ಇಮಾನ ಇಳೀತಾವ." ಹೂವು ಇನ್ನೂ ಬೆಳ್ಳಗಾಯಿತು. ಶೈಲಾಳ ಅರ್ಧ ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು. ಒಂದು ಸಂಜೆ ಅವಳು ಟ್ಯಾಂಕಿನ ಕಡೆ ನೋಡದೆ ಸೀದಾ ಅಡುಗೆಮನೆಗೆ ಹೋದಳು.

ಮಾರ್ಚ್ ಕೊನೆ. ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಕಿಟಕಿಗಳೆಲ್ಲ ಮುಚ್ಚಿ ಕತ್ತಲೆ. ನನ್ನ ಇಪ್ಪತ್ತನಾಲ್ಕು ದೀಪ ಆರಿದ್ದವು. ಟ್ಯಾಂಕಿನ ಮೇಲೆ ತಲೆಯಿಂದ ಕಾಲಿನವರೆಗೆ ಅಪ್ಪನ ಹಳೆಯ ಧೋತರ, ಅದೂ ಒದ್ದೆ. ಪಕ್ಕದಲ್ಲಿ ಅವ್ವ ಬೀಸಣಿಕೆ ಹಿಡಿದು ಕೂತಿದ್ದಳು. ತನಗೆ ಎರಡು ಸಲ ಬೀಸಿಕೊಂಡು, ಟ್ಯಾಂಕಿಗೆ ಒಂದು ಸಲ ಬೀಸುತ್ತಿದ್ದಳು.

"ಏನ್ ಮಾಡಾಕತ್ತಿ ಬೇ?"

"ಮತ್ತೇನಪಾ. ಹೊರಗ ನೆಲ ಹೆಂಚ ಕಾದಂಗ ಕಾದೈತಿ. ನೀ ಅದರ ತಲಿ ಮ್ಯಾಲ ಇನ್ನೊಂದ ಸೂರ್ಯನ್ನ ಹಚ್ಚಿಟ್ಟ ಹೋಗ್ತಿ. ಬಾಯಿಲ್ಲದ ಜೀವ, ಯಾರಿಗೆ ಹೇಳ್ಕೊಬೇಕು?"

"ಎಷ್ಟ ದಿನ ಆತು?"

"ನೀ ಹಚ್ಚಿದಾಗಿಂದ. ನೀವಿಬ್ಬರು ಹೋದಕೂಡ್ಲೆ ಆರಸ್ತೇನಿ. ಸಂಜಿಮುಂದ ಐದಕ್ಕ ಬಿಸಲ ಇಳದ ಮ್ಯಾಲ ಧೋತರಾ ತಗದು ಮತ್ತ ಹಚ್ಚತೇನಿ."

ಅಂದರೆ ಆ ಹೂವು ದಿನಕ್ಕೆ ಮೂರು ಗಂಟೆಯ ಬೆಳಕಿನಲ್ಲಿ ಜೀವ ಹಿಡಿದುಕೊಂಡಿತ್ತು. ನಾನು ಕೂಗಾಡಿಬಿಟ್ಟೆ. ಹೇಳಬಾರದ್ದನ್ನೂ ಹೇಳಿದೆ. "ಅದನ್ನ ನೀನಽ ಸಾಯ್ಸಾಕತ್ತೀ ಬೇ."

ಅವ್ವ ಧೋತರ ತೆಗೆದು ಹಿಂಡಿದಳು. "ನನಗೇನ ಗೊತ್ತು. ಚಲೋ ಆಗ್ಲಿ ಅಂತ ಮಾಡಿದ್ನಿ" ಅಂದು ಒಳಗೆ ಹೋದಳು. ಆ ಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಮಾತ್ರ ತಟ್ಟೆಗೆ ಬಂದು ಬೀಳುತ್ತಿತ್ತು.

ನಾನು ಗೆದ್ದವನಂತೆ ಓಡಾಡಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದೀಪ, ಯಾರೂ ಮುಟ್ಟಕೂಡದು. ನಾಲ್ಕನೇ ದಿನ ಸಂಜೆ ಮನೆಗೆ ಬಂದರೆ ಶೈಲಾ ಹೆಗಲ ಮೇಲಿನ ಬ್ಯಾಗ್ ಕೂಡ ಇಳಿಸದೆ ಟ್ಯಾಂಕಿನ ಮುಂದೆ ನಿಂತಿದ್ದಳು. ಹೂವು ಮುಷ್ಟಿಯಷ್ಟಾಗಿ ಮುದುಡಿತ್ತು. ಮೀನುಗಳೆರಡೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಥರ್ಮಾಮೀಟರ್ ಮೂವತ್ಮೂರು.

"ಅತ್ತೆ ಹಾಕ್ತಿದ್ದ ಬಟ್ಟೆ ಒದ್ದೆ ಇರ್ತಿತ್ತಾ?" ಅಂತ ಕೇಳಿದಳು. (ಹನ್ನೊಂದು ವರ್ಷವಾದರೂ ಅವಳ ಬಾಯಲ್ಲಿ ಅತ್ತೆ ಅತ್ತಿಯಾಗಿಲ್ಲ.)

"ಹೌದು."

"ಹಾಗಾದ್ರೆ ಇಷ್ಟು ದಿನ ನೀರು ತಂಪಾಗಿದ್ದದ್ದು ನಿಮ್ಮ ಫ್ಯಾನಿನಿಂದ ಅಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಸ್ಟೀಲ್ ತಟ್ಟೆಯಲ್ಲಿ ಹಿಟ್ಟು ನಾದುತ್ತಿದ್ದಳು. ತಟ್ಟೆ ಜಾರುತ್ತಿತ್ತು, ಮೊಣಕಾಲು ಒತ್ತಿ ಹಿಡಿದಿದ್ದಳು.

"ಬೇ, ಆ ಧೋತರ ಎಲ್ಲೈತಿ?"

"ಯಾಕ? ಸಾಯ್ಸಾಕೇನು?"

"ಬದಕಸಾಕ."

ಅವ್ವ ಎದ್ದಳು. ಕೈಯ ಹಿಟ್ಟು ತೊಳೆದುಕೊಂಡು, ಧೋತರ ತೋಯಿಸಿ ತಂದಳು. ಟ್ಯಾಂಕಿನ ಮುಂದೆ ನಿಂತು, "ಮ್ಯಾಲ ಹೊದಸಬ್ಯಾಡ ಅಂತಿ. ಬಾಜೂಕ ಸುತ್ತಲಿ?" ಅಂದಳು. ಸುತ್ತು ಅಂದೆ. ಮೂರು ಬದಿಗೆ ಬಿಗಿಯಾಗಿ ಸುತ್ತಿ, ಮುಂದಿನ ಗಾಜು ಮತ್ತು ಮೇಲಿನ ಬಾಯಿ ಬಿಟ್ಟಳು. "ಇಷ್ಟ ಹೇಳಾಕ ನಾಕ ದಿನ ಬೇಕಾತೇನ ನಿನಗ?" ಅಂದಳು.

ಈಗ ಆ ಟ್ಯಾಂಕಿನ ಆಡಳಿತ ಪೂರ್ತಿ ಅವ್ವನದು. ರೊಟ್ಟಿ ಬಡಿದಾದ ಮೇಲೆ ದೀಪ ಹಾಕುತ್ತಾಳೆ, ಕೈ ಮುಗಿಯುತ್ತಾಳೆ. ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸುತ್ತಾಳೆ. ಮೊನ್ನೆ ಭಾನುವಾರ ಹೂವಿನ ಬುಡದಲ್ಲಿ ಮತ್ತೆ ಕಂದು ಬಣ್ಣ ಕಾಣಿಸಿಕೊಂಡಿತು. ಅದನ್ನು ಮೊದಲು ಕಂಡವಳೂ ಅವ್ವನೇ. "ಬಿಸಿಲಿಗೆ ಕಪ್ಪಾಗಾಕತ್ತೈತಿ ನೋಡ ಶೈಲಾ" ಅಂತ ಅವಳು ಚಿಂತೆಯಿಂದ ಹೇಳಿದಾಗ ಶೈಲಾ ಅತ್ತೆಯನ್ನು ಹಿಡಿದುಕೊಂಡು ಅತ್ತೇಬಿಟ್ಟಳು.

ಅವ್ವನದು ತಪ್ಪು ಅಂತ ನನಗೀಗ ಅನ್ನಿಸುತ್ತಿಲ್ಲ. ನಮ್ಮ ಕಡೆ ಬಿಸಿಲಿಗೆ ಬಳಲಿದವರನ್ನು ಎಲ್ಲರೂ ಕಂಡಿದ್ದಾರೆ, ಬಿಸಿಲಿಲ್ಲದೆ ಸೊರಗಿದವರನ್ನು ಯಾರು ಕಂಡಿದ್ದಾರೆ? ನಮ್ಮ ಜಿಲ್ಲೆಯ ಇಂಡಿಯಿಂದ ಸಿಂದಗಿಯವರೆಗೆ ಯಾರ ಮನೆಗೇ ಹೋಗಿ, ಮೊದಲ ಮಾತು "ನೆಳ್ಳಿಗೆ ಬರ್ರಿ". ಎರಡನೆಯದು ತಂಬಿಗೆ ನೀರು. ಎಮ್ಮೆಗೆ ಚಪ್ಪರ, ನೀರಿನ ಹರವಿಗೆ ಒದ್ದೆ ಗೋಣಿ, ಕೂಸಿಗೆ ಸೆರಗು. ಯಾರ ಮೇಲೆ ಜೀವವಿದೆಯೋ ಅವರ ಮೇಲೆ ನೆರಳು ಹೊದಿಸುವುದು ನಮ್ಮ ರೂಢಿ. ನಾವು ಬೇರೆ ರೀತಿ ಪ್ರೀತಿಸುವುದನ್ನು ಕಲಿತಿಲ್ಲ.

ನಿನ್ನೆ ಈ ಅಂಕಣಕ್ಕೆ ಇದನ್ನೇ ಬರೆಯುತ್ತೇನೆ ಅಂತ ಶೈಲಾಗೆ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.

"ಮದುವೆಯಾದ ಹೊಸದ್ರಲ್ಲಿ ನಾನೂ ಹೀಗೇ ಬೆಳ್ಳಗಾಗಿದ್ದೆ ಅಲ್ವಾ? ನಿಮ್ಮ ಕಡೆಯವರೆಲ್ಲ ಎಷ್ಟು ಹೊಗಳಿದ್ರು."

ನೆನಪಾಯಿತು. ಇದೇ ಮನಗೂಳಿಯ ಶಾಲೆಯಿಂದ ಆಗಲೇ ಅವಳಿಗೆ ಕೆಲಸದ ಕಾಗದ ಬಂದಿತ್ತು. "ಈ ಬಿಸಿಲಾಗ ಬಸ್ಸಿಗೆ ಯಾಕ ಒದ್ದಾಡ್ತಿ, ಆರಾಮ ಮನ್ಯಾಗ ಇರು" ಅಂದವನು ನಾನು. ಪ್ರೀತಿಯಿಂದಲೇ ಅಂದಿದ್ದೆ, ಸುಳ್ಳಲ್ಲ. ಅವಳು ಎರಡು ವರ್ಷ ಮುಚ್ಚಿದ ಕಿಟಕಿಗಳ ಹಿಂದೆ ಇದ್ದಳು. ಅವಳು ಸಪ್ಪಗಾದಾಗ ತವರಿನ ನೆನಪಾಗಿರಬೇಕು ಅಂದುಕೊಂಡೆ. ಕೆಲಸಕ್ಕೆ ಹೋಗೇ ಹೋಗುತ್ತೇನೆ ಅಂತ ಅವಳು ಹಟ ಹಿಡಿದಾಗ ಕೂಡ ನಾನು ಒಪ್ಪಿದ್ದು ಮನಸ್ಸಿಲ್ಲದ ಮನಸ್ಸಿನಿಂದ.

ಒಂದು ತಿಂಗಳು ನೆರಳು ಮಾಡಿದ್ದಕ್ಕೆ ಅವ್ವನ ಮೇಲೆ ಮನೆ ಹಾರಿಹೋಗುವಂತೆ ಕೂಗಾಡಿದೆ. ಎರಡು ವರ್ಷ ಮಾಡಿದವನ ಮೇಲೆ ಯಾರು ಕೂಗಾಡಬೇಕಿತ್ತು?