ಸಾಹೇಬರು ಬರುವ ದಿನದ ಬೂಟು

ಗಂಡನಿಗೆ ಕಿಬ್ಬನಹಳ್ಳಿಯ ಹತ್ತಿರ ಲಾರಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಬಳ್ಳಾರಿ ಕಡೆಯಿಂದ ಇಲ್ಲಿಗೆ ಬಂದೆವು. ಮೂರನೇ ವಾರಕ್ಕೇ ನಾನು ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿಯೊಂದಕ್ಕೆ ಕೆಲಸ ಕೇಳಿಕೊಂಡು ಹೋದೆ. ಸೂಪರ್‌ವೈಸರ್ ನನ್ನ ಪಿಯುಸಿ ಅಂಕಪಟ್ಟಿಯನ್ನು ಬಿಚ್ಚದೆ ವಾಪಸು ಕೊಟ್ಟು, ಅಂಗೈ ತೋರಿಸು ಎಂದರು. ಅದು ಸಾಕಷ್ಟು ಒರಟಾಗಿತ್ತು. ನಾಳೆಯಿಂದ ಬಾ ಎಂದರು.

ನೇಮಕದ ಪತ್ರ ಕೊಡುತ್ತೀರಾ ಎಂದು ಕೇಳಿದೆ. ಅವರಿಗೆ ನಿಜಕ್ಕೂ ನೋವಾಯಿತು.

“ಇದು ಮನೆ ಇದ್ದಂಗೆ ಕಣಮ್ಮ. ಮನೇಲಿ ಯಾರಾದ್ರೂ ಪತ್ರ ಕೊಡ್ತಾರಾ?”

ತಪ್ಪು ನನ್ನದೇ ಅನ್ನಿಸಿ ತಲೆ ತಗ್ಗಿಸಿದೆ.

ಚಿಪ್ಪು ತೆಗೆದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವುದು ನಮ್ಮ ಕೆಲಸ. ಕಾಯಿನೀರು ಚೆಲ್ಲಿ ಜಾರುವ ನೆಲದ ಮೇಲೆ ದಿನವಿಡೀ ಬರಿಗಾಲಲ್ಲಿ ನಿಂತಿರಬೇಕು. ನನ್ನ ಪಕ್ಕದಲ್ಲಿ ಬಿಳಿಗೆರೆಯ ಹಿರಿಯ ಹೆಂಗಸೊಬ್ಬರಿದ್ದರು. ಚಾಕು ಹಿಡಿಯುವುದನ್ನು ಕಲಿಸಿದವರು ಅವರೇ, ಮೂಟೆಗಳ ಹಿಂದೆ ಯಾರಿಗೂ ಕಾಣದಂತೆ ಎರಡು ನಿಮಿಷ ಕೂರುವ ಜಾಗ ತೋರಿಸಿದವರೂ ಅವರೇ. ವಾರದ ರಜೆ ಯಾವತ್ತು ಎಂದು ಕೇಳಿದ್ದಕ್ಕೆ, ಕರೆಂಟು ಹೋದ ದಿನ ಎಂದಿದ್ದರು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಫ್ಯಾಕ್ಟರಿಯೇ ಬದಲಾಗಿತ್ತು. ಸ್ಟೂಲುಗಳು ಬಂದಿದ್ದವು, ಕೈಗವಸುಗಳು ಬಂದಿದ್ದವು, ಔಷಧಿ ಪೆಟ್ಟಿಗೆ ಗೋಡೆ ಏರಿತ್ತು. ಎಲ್ಲರಿಗೂ ರಬ್ಬರ್ ಬೂಟು ಕೊಟ್ಟರು. ಎಲ್ಲವೂ ಒಂದೇ ಅಳತೆಯವು, ಅದೂ ಗಂಡಸರದ್ದು. ನಾವು ಬಾತುಕೋಳಿಗಳ ಹಾಗೆ ಓಡಾಡಿದೆವು. ಮಧ್ಯಾಹ್ನ ಫ್ಯಾಕ್ಟರಿ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು.

ನಾನು ಓದಿದವಳೆಂದು ಸೂಪರ್‌ವೈಸರ್‌ಗೆ ಆಗ ನೆನಪಾಯಿತು. ಸಾಹೇಬರು ಏನು ಕೇಳಿದರೆ ಏನು ಹೇಳಬೇಕೆಂದು ಎಲ್ಲರಿಗೂ ಬಾಯಿಪಾಠ ಮಾಡಿಸಲು ನನಗೇ ಒಪ್ಪಿಸಿದರು. ಪಾಠ ಮಾಡಲು ನಿಂತ ಕಡೆ, ಅಷ್ಟು ದಿನ ಕ್ಯಾಲೆಂಡರಿನ ಹಿಂದಿದ್ದ ಬೋರ್ಡು ಹೊರಗೆ ಬಂದಿತ್ತು. ಕಾರ್ಮಿಕರ ಹಕ್ಕುಗಳು ಅಚ್ಚ ಕನ್ನಡದಲ್ಲಿದ್ದವು. ವಾರಕ್ಕೊಂದು ರಜೆ, ಕೂರಲು ಆಸನ, ಹೆಂಗಸರಿಗೆ ಬೇರೆ ಶೌಚಾಲಯ. ಬಾಯಿಪಾಠಕ್ಕೆ ಮೊದಲು ನಾನು ಅದನ್ನೇ ಗಟ್ಟಿಯಾಗಿ ಓದಿಬಿಟ್ಟೆ.

ಬಿಳಿಗೆರೆಯವರು ನಂಬಲಿಲ್ಲ. “ಬೇರೆ ಫ್ಯಾಕ್ಟರೀದು ತಂದು ನೇತಾಕವ್ರೆ ಬುಡು” ಎಂದರು.

ಸಾಹೇಬರು ಬಂದರು. ಎಳನೀರು ಕುಡಿದರು. ಏನಾದರೂ ತೊಂದರೆ ಇದೆಯಾ ಎಂದು ಕೇಳಿದರು. ಇಲ್ಲ ಸಾರ್ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ನನ್ನ ತುಟಿ ಅಲುಗಲಿಲ್ಲವೆಂದು ಕಾಣುತ್ತದೆ, ಅವರು ನನ್ನ ಕಡೆಗೇ ತಿರುಗಿದರು. ದೊಡ್ಡ ಬೂಟು ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

“ಇವತ್ತು ಯಾವ ತೊಂದ್ರಿನೂ ಇಲ್ರಿ ಸರ್. ನೀವು ದಿನಾ ಬಂದ್ರ ಭಾಳ ಚಲೋ ಆಗ್ತದ್ರಿ” ಎಂದೆ.

ಸಾಹೇಬರು ನಗಲಿಲ್ಲ. ಬಿಳಿಗೆರೆಯವರ ಬೂಟಿನ ಮೇಲೆ ಇನ್ನೂ ಅಂಟಿಕೊಂಡಿದ್ದ ಅಂಗಡಿಯ ಬೆಲೆಚೀಟಿಯನ್ನು ನೋಡಿ, ಇದನ್ನು ಯಾವಾಗ ಕೊಟ್ಟರು ಎಂದು ಕೇಳಿದರು. ಆ ಪ್ರಶ್ನೆ ನಮ್ಮ ಪಾಠದಲ್ಲಿ ಇರಲಿಲ್ಲ.

“ಬೆಳಿಗ್ಗೆ ಕೊಟ್ರು ಸಾರ್. ಸಂಜೆ ವಾಪಸ್ ಕೊಟ್ಟೋಗ್ಬೇಕಂತೆ” ಎಂದರು ಅವರು ವಿನಯದಿಂದ.

ಸಾಹೇಬರು ಬಹಳ ಹೊತ್ತು ಬರೆದುಕೊಂಡರು.

ಮಾರನೆಯ ದಿನ ನನ್ನನ್ನು ಬಿಸಿಲಿಗೆ, ಸಿಪ್ಪೆ ಗುಡ್ಡೆಯ ಕೆಲಸಕ್ಕೆ ಹಾಕಿದರು. ಮನೆಯವಳೇ ಹೀಗೆ ಮಾಡಿದರೆ ಹೇಗೆ ಎಂದು ಸೂಪರ್‌ವೈಸರ್ ಕಂಡಕಂಡವರ ಬಳಿ ಕೊರಗಿದರಂತೆ. ಆದರೆ ಬೂಟನ್ನು ವಾಪಸು ಕೇಳುವ ಧೈರ್ಯ ಮಾಡಲಿಲ್ಲ. ಸಾಹೇಬರ ಕಚೇರಿಯಿಂದ ನೋಟೀಸು ಬಂದ ಮೇಲೆ ನನ್ನನ್ನೂ ಒಳಗೆ ಕರೆಸಿಕೊಂಡು, ಭಾನುವಾರ ರಜೆ ಎಂದು ಬೋರ್ಡಿನ ಮೇಲೆ ನನ್ನ ಕೈಯಿಂದಲೇ ಬರೆಸಿದರು.

ಮೊದಲ ಭಾನುವಾರ ಬೆಳಿಗ್ಗೆ ಬಿಳಿಗೆರೆಯವರ ಫೋನು ಬಂತು. ಬಸ್ಸು ಹತ್ತಿ ಫ್ಯಾಕ್ಟರಿ ಗೇಟಿನವರೆಗೂ ಹೋಗಿದ್ದರಂತೆ.

“ದಿಟವಾಗ್ಲೂ ಬೀಗ ಹಾಕವ್ರೆ ಕಣೇ” ಎಂದರು.