ಲ್ಯಾಪ್‌ಟಾಪಿನ ಹಣೆಗೆ ಟಿಕಳಿ

ಗೆಳೆಯರೇ, ಇವತ್ತು ಮಧ್ಯಾಹ್ನದಿಂದ ನನ್ನ ಬಾಯಿ ಬಂದ್ ಆಗಿದೆ.

ನಮ್ಮ ಲ್ಯಾಪ್‌ಟಾಪು ಎತ್ತಿನ ಗಾಡಿಗಿಂತ ನಿಧಾನವಾಗಿತ್ತು. ಕೊಪ್ಪಳದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಶಬಾನಾ ಮನೆಗೇ ಬಂದಳು. ಮೊದಲು ನೆಟ್ ಬಂದ್ ಮಾಡಿ, ತಪಾಸಣೆಗೆ ಹಚ್ಚಿದಳು. ಆಮೇಲೆ ಅವಳ ಮುಖವೇ ಬದಲಾಯಿತು.

"ಕಾಕಾ, ಇದು ಬರೇ ವೈರಸ್ ಅಲ್ರಿ. ಒಳಗ ಕಳ್ಳ ಸಾಫ್ಟ್‌ವೇರ್ ಕುಂತೈತಿ. ನಿಮಗ ಗೊತ್ತಾಗದಂಗ ಕ್ಯಾಮೆರಾದಾಗ ಫೋಟೋ ಹೊಡದು ಯಾರಿಗೋ ಕಳಸಾಕತ್ತೈತಿ. ಕಳಿಸಿದ ಫೋಟೋ ಎಲ್ಲಾ ಇಲ್ಲೇ ಅದಾವ."

ಲ್ಯಾಪ್‌ಟಾಪು ಇರುವುದು ಸೊಸೆ ಕೂಸಿಗೆ ಹಾಲು ಕುಡಿಸುವ ಕೋಣೆಯಲ್ಲಿ. ಅವಳು ಬಾಗಿಲು ಹಿಡಿದು ನಿಂತುಬಿಟ್ಟಳು. "ಆ ಫೋಟೋ ನೀವಿಬ್ಬರೇ ನೋಡ್ರಿ" ಎಂದು ನಾನು ಅಂಗಳಕ್ಕೆ ಹೋದೆ.

ಒಳಗಿಂದ ಇಬ್ಬರ ನಗು ಕೇಳಿತು. "ಕಾಕಾ, ಬರ್ರಿ ಇಲ್ಲೆ!"

ಎಷ್ಟು ಫೋಟೋ ತೆರೆದರೂ ಒಂದೇ ಕರಿಗೆಂಪು. ಬೇರೆ ಏನೂ ಇಲ್ಲ. ಶಬಾನಾ ಕ್ಯಾಮೆರಾದ ಕಣ್ಣಿನ ಕಡೆ ಬೊಟ್ಟು ಮಾಡಿದಳು. ಅದರ ಮೇಲೆ ನನ್ನ ಹೆಂಡತಿಯ ಕೆಂಪು ಟಿಕಳಿ!

ಮುಖ ತೊಳೆಯುವ ಮುಂಚೆ ಹಣೆಯ ಟಿಕಳಿ ಕಿತ್ತು, ಕೈಗೆ ಸಿಕ್ಕಲ್ಲಿ ಅಂಟಿಸುವುದು ಅವಳ ರೂಢಿ. ಲ್ಯಾಪ್‌ಟಾಪು ಬಂದಾಗಿನಿಂದ ಅಲ್ಲೊಂದು ಇದ್ದೇ ಇದೆ. "ಅದೇನ್ ಕನ್ನಡಿ ಅಂತ ತಿಳದಿಯೇನ?" ಎಂದು ನಿನ್ನೆಯೂ ಬೈದಿದ್ದೆ.

ಎಲ್ಲೋ ಕೂತು ನಮ್ಮ ಮನೆ ಇಣುಕಿದ ಕಳ್ಳ ಇಷ್ಟು ದಿನ ನೋಡಿದ್ದು ಅವಳ ಟಿಕಳಿಯ ಬೆನ್ನು!

ಶಬಾನಾ ಕಳ್ಳ ಸಾಫ್ಟ್‌ವೇರ್ ಅಳಿಸಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದಳು. "ಟಿಕಳಿ ಮಾತ್ರ ತೆಗೀಬ್ಯಾಡ್ರಿ" ಎಂದಳು.

"ಇನ್ನೊಮ್ಮೆ ಬೈರಿ ನೋಡೂಣು" ಎನ್ನುತ್ತ ಹೆಂಡತಿ ನನ್ನ ಮೊಬೈಲಿಗೂ ಒಂದು ಅಂಟಿಸಿದಳು. ಇನ್ನು ಮೇಲೆ ನನ್ನ ಸೆಲ್ಫಿಗಳು ಕೆಂಪಗೆ ಬಂದರೆ ಯಾರೂ ಕಾರಣ ಕೇಳಬೇಡಿ.