ಏಳನೇ ಕೋಟೆಯ ಬಾಗಿಲು

ಸಂಧ್ಯಾರಾಣಿ ಹುಬ್ಬಳ್ಳಿಯ ಹೆಣ್ಣುಮಗಳು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್ ಕೆಲಸ. ಎಲ್ಲರೂ ವರ್ಷ ಎಣಿಸಿದರೆ ಅವಳು ಎಡಿಶನ್ ಎಣಿಸುತ್ತಿದ್ದಳು. "ಇಲ್ಲೇ ಕಾಯಂ ಇರಾಕ ಪಿಆರ್ ಬಂದಿದ್ದು ಎರಡನೇ ಎಡಿಶನ್ನಿನಾಗ, ಮನಿ ತಗೊಂಡಿದ್ದು ಮೂರನೇದು ಬಂದ ಮ್ಯಾಲೆ" ಅನ್ನುವಳು. ಗೊತ್ತಿಲ್ಲದವರು ಈಕೆಗೇನು ತಲೆಗಿಲೆ ಕೆಟ್ಟಿದೆಯಾ ಅಂತ ನೋಡಬೇಕು, ಹಾಗೆ.

ಅದು 'ಏಳು ಕೋಟೆ' ಅನ್ನುವ ಆಟ. ಮೇಜಿನ ಸುತ್ತ ಕೂತು ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಕೋಟೆ ದಾಟುತ್ತ ನಡೆಯುತ್ತಾರೆ. ಏಳನೆಯದರ ಬಾಗಿಲು ತೆರೆದರೆ ಕಥೆ ಮುಗಿಯಿತು. ಕತ್ತಿ ತಗುಲಿತೋ ತಪ್ಪಿತೋ, ಅದನ್ನು ದಾಳ ಹೇಳುತ್ತದೆ. ಆಟ ಮಾರುವವರು ಸುಮ್ಮನಿರಬೇಕಲ್ಲ! ಆಗಾಗ ನಿಯಮ ಬದಲಿಸಿ ಹೊಸ ಎಡಿಶನ್ ಬಿಡುತ್ತಾರೆ, ಅವತ್ತಿಗೆ ಹಳೆಯದು ತಂಗಳನ್ನ. ಮೊದಲನೆಯದು ಮೂರೇ ವರ್ಷ ಬಾಳಿತು, ಎರಡನೆಯದು ಐದು. ಮೂರನೆಯದು ಮಾತ್ರ ಗಟ್ಟಿ ಪಿಂಡ, ಹತ್ತು ವರ್ಷ ದಾಟಿತು. ಕಥೆ ಹೇಳುವವಳು ಸಂಧ್ಯಾರಾಣಿಯೇ. ಅವಳ ಮೇಜಿನಲ್ಲಿ ಒಂದು ಕಟ್ಟಳೆಯಿತ್ತು: ಕಥೆ ಯಾವ ಎಡಿಶನ್ನಿನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು.

ಆ ಮೇಜಿಗೆ ಮೊದಲು ಬಂದು ಕೂತವಳು ಬೆಳಗಾವಿಯ ಮಹಾಶ್ವೇತಾ. ಮಹಾ ಬಾಯಿಬಡಕಿ, ಸಂಧ್ಯಾರಾಣಿಯ ಜೀವದ ಗೆಳತಿ. ಗಂಡ ಶಿವಪ್ರಕಾಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಕ್ಲೈಡ್ ನಾರ್ತ್‌ಗೆ ಮನೆ ಬದಲಿಸಿದ ಮೇಲೂ ಐತವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಹಾಜರ್. ಅವಳ ಪಾತ್ರ ಕೆಂಚವ್ವ, ಕತ್ತಿ ಹಿಡಿದ ಹೆಂಗಸು.

ಕೋವಿಡ್‌ನಲ್ಲಿ ದೇಶದ ಬಾಗಿಲೇ ಮುಚ್ಚಿದ್ದಾಗ ಬೆಳಗಾವಿಯಲ್ಲಿ ಮಹಾಶ್ವೇತಾಳ ತಮ್ಮ ತೀರಿಕೊಂಡ. ಮುಖ ನೋಡಲಿಕ್ಕೂ ಆಗಲಿಲ್ಲ. ಕೆಲವು ವಾರ ಅವಳು ಆಟಕ್ಕೆ ಬರಲಿಲ್ಲ. ಬಂದ ದಿನ ನೀರು ಕುಡಿದು ಹೇಳಿದಳು: "ಕೆಂಚವ್ವಗ ಒಬ್ಬ ತಮ್ಮ ಇದ್ದ. ಯಾರೋ ಹಿಡಕೊಂಡು ಹೋಗ್ಯಾರ. ಏಳನೇ ಕೋಟಿಯೊಳಗ ಇಟ್ಟಾರಂತ."

ಸಂಧ್ಯಾರಾಣಿ ಹೂಂ ಅಂದಳು. ಅಲ್ಲೇ, ಆ ಕ್ಷಣವೇ, ಮನಸ್ಸಿನಲ್ಲಿ ನಿಶ್ಚಯ ಮಾಡಿಬಿಟ್ಟಳು. ದಾಳ ಏನಾದರೂ ಬೀಳಲಿ, ಈ ತಮ್ಮ ಸಾಯುವುದಿಲ್ಲ. ಕೊನೆಯ ಬಾಗಿಲು ತೆಗೆದರೆ ಅಕ್ಕನ ದಾರಿ ಕಾಯುತ್ತ ಕೂತಿರುತ್ತಾನೆ. ಕಥೆಯ ಗುಟ್ಟು ಅಂತ ಯಾರಿಗೂ ಹೇಳಲಿಲ್ಲ.

ಈ ವರ್ಷ ನಾಲ್ಕನೇ ಎಡಿಶನ್ ಬರುತ್ತದೆ ಅಂತ ಸುದ್ದಿಯಾಯಿತು. ಮೇಜಿನ ಮೂರನೆಯವನು ಕಿರಣಕುಮಾರ, ಬೆಂಗಳೂರಿನವನು, "ಬೇಗ ಮುಗಿಸಿ ಮೇಡಂ, ನಾನಾಗ್ಲೇ ಹೊಸದು ಬುಕ್ ಮಾಡಿದೀನಿ" ಅಂತ ಕುಣಿದ. ಅದೇ ತಿಂಗಳು ಮಹಾಶ್ವೇತಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಡಾಕ್ಟರ್ ವರ್ಷದ ಮಾತೇ ಆಡಲಿಲ್ಲ, ತಿಂಗಳು ಅಂದರು. ಅವಳೋ ಪರದೆಯಲ್ಲಿ ಹಲ್ಲು ಕಿರಿದು, "ನಾನೋ ಈ ಎಡಿಶನ್ನೋ, ಯಾರು ಮೊದಲ ಹೋಗ್ತೀವಿ ನೋಡೂಣು" ಅಂದಳು.

ಸಂಧ್ಯಾರಾಣಿಗೆ ಆಗ ಅಜ್ಜಿ ನೆನಪಾದಳು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಕರೆದುಕೊಂಡು ಹೋಗಿ, ಮಂಗಳ ಆಗೋತನಕ ಎದ್ದು ಹೋಗಬಾರದು ಅಂತ ತೊಡೆ ಚಿವುಟುತ್ತಿದ್ದ ಅಜ್ಜಿ. ಆ ಮಾತು ಈಗ ಇವಳೊಳಗೆ ಬೇರೆಯೇ ರೂಪ ತಾಳಿತು: ಕಥೆಗೆ ಮಂಗಳ ಹಾಡದಿದ್ದರೆ ಮಹಾಶ್ವೇತಾ ಎದ್ದು ಹೋಗುವುದಿಲ್ಲ. ಹುಚ್ಚು ಅಂತ ಅವಳಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಕಥೆಯನ್ನು ಎಳೆಯತೊಡಗಿದಳು. ಆರನೇ ಕೋಟೆ ದಾಟಿದರೆ ಹೊಳೆಗೆ ಮಹಾಪೂರ. ಪೂರ ಇಳಿದರೆ ದೋಣಿಯವನಿಗೆ ಜ್ವರ. ಅವನು ಎದ್ದು ಕೂತರೆ ಆಚೆ ದಡದಲ್ಲಿ ಸುಂಕದ ಕಟ್ಟೆ. "ಇದೇನ್ ಮೇಡಂ, ಸೀರಿಯಲ್ ಥರ ಎಳೀತಿದೀರಾ" ಅಂದ ಕಿರಣಕುಮಾರ. "ಬಾಯಿ ಮುಚ್ಚಿ ದಾಳ ಉರುಳಿಸು" ಅಂತ ಅವನ ಮೇಲೆ ಹರಿಹಾಯ್ದಳು.

ಮಹಾಶ್ವೇತಾಳನ್ನು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನ ಆಸ್ಪತ್ರೆಗೆ ಸೇರಿಸಿದಾಗ ಸಂಧ್ಯಾರಾಣಿ ವಿಮಾನ ಹತ್ತಿ ಹೋದಳು. ಐತವಾರ ಮಂಚದ ಪಕ್ಕದಲ್ಲೇ ಆಟ. ಗೆಳತಿಯ ಕೈಗೆ ದಾಳ ಹಿಡಿಯುವಷ್ಟೂ ಬಲವಿರಲಿಲ್ಲ. ಆಟದ ಗಂಧಗಾಳಿ ಇಲ್ಲದ ಶಿವಪ್ರಕಾಶ ಅವಳ ಪರವಾಗಿ ಊಟದ ಟ್ರೇ ಮೇಲೆ ಉರುಳಿಸಿದ. ಕೆಂಚವ್ವ ಏಳನೇ ಕೋಟೆಯ ಬಾಗಿಲಿಗೆ ಬಂದು ನಿಂತಳು.

"ದಾಳ ಸಾಕು ಸಂಧ್ಯಾ," ಅಂದಳು ಮಹಾಶ್ವೇತಾ. "ಬಾಗಲಾ ತೆಗಿ. ನನ್ನ ತಮ್ಮ ಅದಾನೋ ಇಲ್ಲೋ, ಅಷ್ಟು ಹೇಳಿಬಿಡು."

ಅದಾನ ಅನ್ನುವ ಒಂದೇ ಮಾತು. ಅಷ್ಟೇ ಹೇಳಬೇಕಿತ್ತು. ಆ ಕಡ್ಡಿಯಂಥ ತೋಳು ನೋಡಿ ಸಂಧ್ಯಾರಾಣಿಗೆ ಭಯವಾಯಿತು. ಹೇಳಿದರೆ ಕಥೆ ಮುಗಿಯಿತು, ಮುಗಿದರೆ ಇವಳು ಹೊರಟಳು. "ಬಾಗಲಕ್ಕ ಇನ್ನೊಂದು ಕೀಲಿ ಐತಿ," ಅಂದಳು. "ಮುಂದಿನ ಐತವಾರ ಅದರ ಕೀಲಿಕೈ ಹುಡುಕೂಣು."

ಮಹಾಶ್ವೇತಾ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. "ಆತು ಬಿಡವಾ" ಅಂತ ಕಣ್ಣು ಮುಚ್ಚಿದಳು. ಗುರುವಾರ ಹೋಗಿಬಿಟ್ಟಳು.

ಮಣ್ಣು ಮುಗಿಸಿ ಕ್ಲೈಡ್ ನಾರ್ತ್‌ನ ಮನೆಗೆ ಬಂದಾಗ ಶಿವಪ್ರಕಾಶನೇ ಚಹಾ ಮಾಡಿದ. ಕಪ್ಪು ಮುಂದಿಟ್ಟು, "ಒಂದು ಮಾತು ಕೇಳಲೇನವಾ? ಆ ಬಾಗಲದ ಹಿಂದ ಏನಿತ್ತು?" ಅಂದ. "ಬುಧವಾರ ಅಕಿದು ಅದಽ ಮಾತು. ನಾ ಫೋನ್ ಹಚ್ಚಿ ನಿನ್ನ ಕೇಳ್ತೀನಿ ಅಂದೆ. ಬ್ಯಾಡ ಅಂದ್ಲು."

"ಯಾಕ?"

"ಸಂಧ್ಯಾ ಹೇಳವಲ್ಲಳು ಅಂದ್ರ ನನ್ನ ತಮ್ಮ ಅಲ್ಲೂ ಸತ್ತಾನ. ನನಗ ನೋವಾಗ್ತೈತಿ ಅಂತ ಪಾಪ ಮುಚ್ಚಿಟ್ಟಾಳ, ಅಕಿನ್ನ ಕಾಡಬ್ಯಾಡ್ರಿ ಅಂದ್ಲು."

ಸಂಧ್ಯಾರಾಣಿ ಕಪ್ಪು ಪಕ್ಕಕ್ಕೆ ಸರಿಸಿದಳು. "ಅದಾನ್ರಿ," ಅಂದಳು. "ಜೀವಂತ ಅದಾನ. ಮೊದಲನೇ ದಿನದಿಂದ ಅಲ್ಲೇ ಕೂತಾನ್ರಿ." ಆಮೇಲೆ ಎದೆ ಒಡೆದು ಅಳು ಬಂತು.

ಶಿವಪ್ರಕಾಶ ಎದ್ದು ಪಡಸಾಲೆಗೆ ಹೋದ. ಅಲ್ಲಿ ಹೂ ಹಾಕಿದ ಫೋಟೋದ ಮುಂದೆ ನಿಂತು, ಕಿವಿ ಮಂದವಾದವರಿಗೆ ಹೇಳುವ ಹಾಗೆ ಅವನು ಜೋರಾಗಿ ಹೇಳುವುದು ಅಡಿಗೆಮನೆಗೆ ಕೇಳಿಸಿತು: "ಅದಾನಂತ ಮಹಾ. ಕೇಳಿದ್ಯಾ? ನಿನ್ನ ತಮ್ಮ ಅದಾನಂತ."